ಬೆಳ್ಳಿಗೊಂದು ರೋಡಿಯಂ ಅಂಗಿ

ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದಕ್ಕೆ ಅಕ್ಕ ತನ್ನ ಮಗಳಿಗೊಂದು ಬೆಳ್ಳಿಯ ಬ್ರೇಸ್‌ಲೆಟ್ ಕೊಡಿಸಿದಳು. ಅಂಗಡಿಯ ಗಾಜಿನ ಕಪಾಟಿನಲ್ಲಿ ಅದು ಪ್ಲಾಟಿನಂ ಇರಬೇಕು ಎನ್ನುವಂತೆ ಹೊಳೆಯುತ್ತಿತ್ತು. ‘ಇದು ಕಪ್ಪಾಗೋದೇ ಇಲ್ಲಮ್ಮ, ರೋಡಿಯಂ ಪಾಲಿಶ್’ ಎಂದಿದ್ದರು ಅಂಗಡಿಯವರು.

ವರ್ಷ ತುಂಬುವಷ್ಟರಲ್ಲಿ ಕೊಂಡಿಯ ಹತ್ತಿರ, ಬರೆಯುವಾಗ ಮೇಜಿಗೆ ತಾಗುವ ಕಡೆ, ಮಾಸಲು ಬಣ್ಣ ಕಾಣಿಸಿತು. ಗೌರಿ ಹಬ್ಬದ ಹಿಂದಿನ ದಿನ ದೇವರ ದೀಪ, ಪಂಚಪಾತ್ರೆಗಳನ್ನು ಮುಂದಿಟ್ಟುಕೊಂಡು ಕೂತಿದ್ದ ಅಕ್ಕ ಬ್ರೇಸ್‌ಲೆಟ್ಟನ್ನೂ ಕೈಗೆತ್ತಿಕೊಂಡಳು. ವಿಭೂತಿ ಹಾಕಿ ಉಜ್ಜಿದಳು. ಸಾಲದೆಂದು ಹಳೆಯ ಬ್ರಷ್ಷಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದಳು. ದೀಪಗಳೇನೋ ಫಳಫಳ ಎಂದವು. ಬ್ರೇಸ್‌ಲೆಟ್ಟಿನಲ್ಲಿ ಮಾತ್ರ ಒಂದು ಕಡೆ ಒಂದು ಬಗೆಯ ಬಿಳುಪು, ಪಕ್ಕದಲ್ಲೇ ಇನ್ನೊಂದು ಬಗೆಯದು. ಎರಡು ತಿಂಗಳಲ್ಲಿ ಆ ಜಾಗಗಳೆಲ್ಲ ಕಪ್ಪು ಮಚ್ಚೆಗಳಾದವು.

‘ಮಾವ, ಅಂಗಡಿಯವರು ಬೆಳ್ಳಿ ಅಂತ ಹೇಳಿ ಮೋಸ ಮಾಡಿದ್ರಾ?’ ಎಂದು ಹುಡುಗಿ ನನ್ನ ಮುಂದೆ ಕೈ ಚಾಚಿದಳು.

ಮೋಸವಲ್ಲ. ಕಪ್ಪಾದದ್ದೇ ಅದು ಬೆಳ್ಳಿ ಎಂಬುದನ್ನು ಹೇಳುತ್ತಿತ್ತು. ಆದರೆ ‘ಕಪ್ಪಾಗೋದೇ ಇಲ್ಲ’ ಎಂಬ ಮಾತು ಅರ್ಧ ಸತ್ಯ. ಉಳಿದರ್ಧವನ್ನು ಅಂಗಡಿಯವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಶುದ್ಧ ಬೆಳ್ಳಿ ಕಪ್ಪಾಗುವುದಿಲ್ಲ, ಕಪ್ಪಾದರೆ ಬೆರಕೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಮೈಯಲ್ಲಿ ಉಷ್ಣ ಜಾಸ್ತಿಯಾದರೆ ಬೆಳ್ಳಿ ಕಪ್ಪಾಗುತ್ತದೆ ಎನ್ನುವವರೂ ಉಂಟು. ನಿಜವಾದ ಕಾರಣ ಗಂಧಕ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅನಿಲ, ತೇವ ಮತ್ತು ಆಮ್ಲಜನಕದ ಜೊತೆ ಸೇರಿ ಬೆಳ್ಳಿಯ ಮೇಲ್ಮೈಯನ್ನು ಸಿಲ್ವರ್ ಸಲ್ಫೈಡ್ ಆಗಿ ಮಾರ್ಪಡಿಸುತ್ತದೆ. ಅದರಲ್ಲಿ ಎರಡು ಬೆಳ್ಳಿ ಪರಮಾಣುಗಳಿಗೆ ಒಂದು ಗಂಧಕದ ಪರಮಾಣು. ಪದರ ತೆಳುವಾಗಿದ್ದಾಗ ತಿಳಿ ಹಳದಿ, ಬೆಳೆದಂತೆ ಕಂದು, ಕೊನೆಗೆ ಕಪ್ಪು. ಕೊಳೆತ ಮೊಟ್ಟೆ, ಚರಂಡಿ, ಗೋಬರ್ ಗ್ಯಾಸ್ ತೊಟ್ಟಿ ಇವೆಲ್ಲ ಈ ಅನಿಲದ ಮನೆಗಳು. ಬೇಯಿಸಿದ ಮೊಟ್ಟೆಯನ್ನು ಬೆಳ್ಳಿ ಚಮಚದಲ್ಲಿ ತಿಂದರೂ ಚಮಚ ಕಪ್ಪಾಗುತ್ತದೆ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್, ಈರುಳ್ಳಿ, ನಮ್ಮ ಬೆವರು ಇವುಗಳಲ್ಲೂ ಗಂಧಕದ ಅಂಶವಿದೆ. ನೂರಕ್ಕೆ ನೂರು ಶುದ್ಧ ಬೆಳ್ಳಿಗೂ ಇದರಿಂದ ವಿನಾಯಿತಿ ಇಲ್ಲ.

ಗಂಧಕ ಸೋಂಕದಿದ್ದರೆ ಬೆಳ್ಳಿ ಎಷ್ಟು ಹಠಮಾರಿ ಎಂಬುದನ್ನು ನೋಡಬೇಕಾದರೆ ಬೀದರಿನ ಬಿದ್ರಿ ಕೆಲಸವನ್ನು ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಸುತ್ತಲಿನ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಆಭರಣಗಳ ಮೇಲೆ ಕಾಣುವ 925 ಎಂಬ ಗುರುತಿನ ಅರ್ಥ, ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂದು. ಉಳಿದದ್ದು ಸಾಮಾನ್ಯವಾಗಿ ತಾಮ್ರ. ಬರೀ ಬೆಳ್ಳಿ ಮೆತು, ಬೇಗ ಬಾಗುತ್ತದೆ ಎಂದು ಗಟ್ಟಿತನಕ್ಕಾಗಿ ಸೇರಿಸುವುದು. ಕಪ್ಪಾಗುವುದನ್ನು ತಾಮ್ರ ಇನ್ನಷ್ಟು ಚುರುಕುಗೊಳಿಸುತ್ತದೆ. ಇದಕ್ಕೆ ಅಡ್ಡಗೋಡೆಯಾಗಿ ಬಂದದ್ದೇ ರೋಡಿಯಂ ಲೇಪ.

1804ರಲ್ಲಿ ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್, ದಕ್ಷಿಣ ಅಮೆರಿಕದಿಂದ ತಂದ ಪ್ಲಾಟಿನಂ ಅದಿರಿನಲ್ಲಿ ಈ ಲೋಹವನ್ನು ಕಂಡುಹಿಡಿದ. ಅದರ ಲವಣಗಳು ಗುಲಾಬಿ ಬಣ್ಣದವು. ಗ್ರೀಕ್ ಭಾಷೆಯಲ್ಲಿ ಗುಲಾಬಿಗೆ ‘ರೋಡಾನ್’. ಹಾಗೆ ಹೆಸರು ಬಂತು. ಆವರ್ತ ಕೋಷ್ಟಕದಲ್ಲಿ ಹುಡುಕಿ, 45ನೆಯ ಮನೆಯಲ್ಲಿದೆ, ಬೆಳ್ಳಿ 47ರಲ್ಲಿ. ಗಾಳಿ, ನೀರು, ಬೆವರು, ಗಂಧಕದ ಅನಿಲ ಯಾವುದಕ್ಕೂ ಸಾಮಾನ್ಯ ಉಷ್ಣತೆಯಲ್ಲಿ ಜಗ್ಗದ ಲೋಹ ಅದು. ಇಂದು ಅದರ ಬಹುಪಾಲು ಸಿಗುವುದು ದಕ್ಷಿಣ ಆಫ್ರಿಕದ ಪ್ಲಾಟಿನಂ ಗಣಿಗಳಲ್ಲಿ. ಬಹುಪಾಲು ಹೋಗುವುದು ಒಡವೆಗಲ್ಲ, ಕಾರುಗಳ ಹೊಗೆ ಶುದ್ಧಿ ಮಾಡುವ ಸಾಧನಕ್ಕೆ. 2021ರ ಮಾರ್ಚಿನಲ್ಲಿ ಅದರ ಬೆಲೆ ಔನ್ಸಿಗೆ 29,000 ಡಾಲರ್ ದಾಟಿತ್ತು. ಅಂದರೆ ಆಗಿನ ಚಿನ್ನದ ಹದಿನೈದು ಪಟ್ಟಿಗೂ ಹೆಚ್ಚು.

ಇಷ್ಟು ದುಬಾರಿ ಲೋಹ ಸಾಧಾರಣ ಬ್ರೇಸ್‌ಲೆಟ್ಟಿನ ಮೇಲೆ ಹೇಗೆ ಬಂತು? ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಆಭರಣದ ಹೊರಮೈ ಒಟ್ಟು 10 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಲೇಪದ ದಪ್ಪ ಕಾಲು ಮೈಕ್ರಾನ್, ಅಂದರೆ 0.000025 ಸೆಂಟಿಮೀಟರ್. ಗುಣಿಸಿದರೆ 0.00025 ಘನ ಸೆಂಟಿಮೀಟರ್. ರೋಡಿಯಂನ ಸಾಂದ್ರತೆ 12.4. ಬರುವ ಉತ್ತರ ಸುಮಾರು ಮೂರು ಮಿಲಿಗ್ರಾಂ! 2021ರ ಆ ದುಬಾರಿ ಬೆಲೆಯಲ್ಲೂ ಅದು ಮೂರು ಡಾಲರಿನ ಒಳಗಿನ ಮಾತು. ‘ರೋಡಿಯಂ ಐಟಂ’ ಎಂದು ಯಾರಾದರೂ ಬೆಲೆ ಏರಿಸಿ ಹೇಳಿದರೆ ಈ ಲೆಕ್ಕ ನೆನಪಿರಲಿ. ಲೇಪ ಹಾಕುವ ಕೂಲಿ ಬೇರೆ ಮಾತು, ಅದು ಕೊಡಬೇಕಾದದ್ದೇ. ಆದರೆ ಮಾರುವಾಗ ತೂಕಕ್ಕೆ ಬರುವುದು ಬೆಳ್ಳಿ ಮಾತ್ರ.

ಲೇಪ ಹಾಕುವುದು ನಮ್ಮ ಪಠ್ಯಪುಸ್ತಕದ ವಿದ್ಯುಲ್ಲೇಪನವೇ. ಗಂಧಕಾಮ್ಲದಲ್ಲಿ ರೋಡಿಯಂ ಲವಣ ಕರಗಿಸಿದ ದ್ರಾವಣಕ್ಕೆ ಚೊಕ್ಕಟ ಮಾಡಿದ ಒಡವೆಯನ್ನು ಋಣ ಧ್ರುವವಾಗಿ ಇಳಿಬಿಟ್ಟು ಕೆಲವೇ ವೋಲ್ಟ್ ವಿದ್ಯುತ್ ಹರಿಸುತ್ತಾರೆ. ನೋಡನೋಡುತ್ತ ಮೇಲ್ಮೈ ತಣ್ಣನೆಯ ಬಿಳುಪಿಗೆ ತಿರುಗುತ್ತದೆ. ಇನ್ನೊಂದು ಸ್ವಾರಸ್ಯ: ಹೊಸದಾಗಿ ಉಜ್ಜಿದ ಬೆಳ್ಳಿ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 95ರಷ್ಟನ್ನು ವಾಪಸು ಕಳಿಸುತ್ತದೆ; ರೋಡಿಯಂ ಕಳಿಸುವುದು 80ರ ಆಸುಪಾಸು. ಹೊಳಪಿನಲ್ಲಿ ಬೆಳ್ಳಿಯೇ ಮೇಲು, ಉಳಿಸಿಕೊಳ್ಳುವುದರಲ್ಲಿ ರೋಡಿಯಂ ಮೇಲು. ಅಕ್ಕನ ಕೈಯಲ್ಲಿ ಕಂಡ ಎರಡು ಬಗೆಯ ಬಿಳುಪಿನ ಗುಟ್ಟು ಇದೇ.

ಕೂದಲೆಳೆಯ ದಪ್ಪಕ್ಕೆ ಇಂಥ ಇನ್ನೂರಕ್ಕೂ ಹೆಚ್ಚು ಪದರ ಬೇಕು. ಅಷ್ಟು ತೆಳು ಅಂಗಿಯ ಮೇಲೆ ಟೂತ್‌ಪೇಸ್ಟಿನ ಪುಡಿ, ಬ್ರಷ್ಷು ಆಡಿಸಿದರೆ ಏನಾದೀತು? ರೋಡಿಯಂ ಗಟ್ಟಿ ಲೋಹವೇ, ಆದರೂ ವರ್ಷದ ಸವೆತ ಅರ್ಧ ಗಂಟೆಯಲ್ಲಿ ಆಗಿಹೋಗುತ್ತದೆ. ರೋಡಿಯಂ ಒಡವೆಗೆ ಬೇಕಾದದ್ದು ಉಗುರು ಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಹತ್ತಿ ಬಟ್ಟೆ, ಅಷ್ಟೆ. ಆಮೇಲೆ ಪೂರ್ತಿ ಒಣಗಿಸಬೇಕು. ಉಂಗುರ, ಬ್ರೇಸ್‌ಲೆಟ್‌ಗಳಲ್ಲಿ ಲೇಪ ಬೇಗ ಸವೆಯುತ್ತದೆ. ಕಿವಿಯೋಲೆ ಯಾವುದಕ್ಕೂ ಉಜ್ಜಿಕೊಳ್ಳದ್ದರಿಂದ ಬಹುಕಾಲ ಬಾಳುತ್ತದೆ. ಸವೆದರೆ ಮತ್ತೆ ಲೇಪ ಹಾಕಿಸಬಹುದು. ಕೆಲವು ಕಡೆ ರೋಡಿಯಂನ ಕೆಳಗೆ ನಿಕಲ್ ಪದರ ಕೊಡುವುದುಂಟು. ನಿಕಲ್ ಒಗ್ಗದ ಮಕ್ಕಳಿಗೆ ಲೇಪ ಸವೆದ ಮೇಲೆ ತುರಿಕೆ ಬರಬಹುದು, ಕೊಳ್ಳುವಾಗಲೇ ಕೇಳಿ.

ಲೇಪವಿಲ್ಲದ ಬೆಳ್ಳಿಯ ಕಥೆ ಬೇರೆ. ವಿಭೂತಿಯಿಂದ ಉಜ್ಜಿದರೆ ಅದು ಬೆಳಗುತ್ತದೆ, ನಿಜ. ಆದರೆ ಕಪ್ಪಿನ ಜೊತೆ ಬೆಳ್ಳಿಯೂ ಅಷ್ಟಿಷ್ಟು ಹೋಗುತ್ತದೆ. ಅಜ್ಜಿಯ ಕಾಲದ ತಟ್ಟೆಯ ಮೇಲಿನ ಹೆಸರು ಅಳಿಸಿಹೋಗಿರುವುದು ಸುಮ್ಮನೆ ಅಲ್ಲ. ಬೆಳ್ಳಿಯನ್ನು ಉಳಿಸಿಕೊಂಡು ಕಪ್ಪನ್ನು ಮಾತ್ರ ಕಳೆಯುವ ಉಪಾಯವಿದೆ. ಪಾತ್ರೆಯೊಳಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಒಡವೆ ಅದಕ್ಕೆ ತಾಗುವಂತೆ ಇಟ್ಟು, ಒಂದು ಚಮಚ ಅಡುಗೆ ಸೋಡಾ ಉದುರಿಸಿ, ಮುಳುಗುವಷ್ಟು ಬಿಸಿನೀರು ಹುಯ್ಯಿರಿ. ಗಂಧಕಕ್ಕೆ ಬೆಳ್ಳಿಗಿಂತ ಅಲ್ಯೂಮಿನಿಯಂ ಮೇಲೆ ಒಲವು ಹೆಚ್ಚು. ಅದು ಅಲ್ಲಿಗೆ ಹೋಗುತ್ತದೆ, ಬೆಳ್ಳಿ ಇದ್ದಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಗಂಧಕ ಹೊರಟಿತು ಎಂದು ಅರ್ಥ. ಕಿಟಕಿ ತೆರೆದಿರಲಿ, ದೊಡ್ಡವರು ಜೊತೆಗಿರಲಿ. ಮುತ್ತು, ಹರಳು, ಮೀನಾಕಾರಿ ಇರುವ ಒಡವೆಗೆ ಇದು ಬೇಡ. ಒಳಗೆ ಅರಗು ತುಂಬಿದ್ದಕ್ಕಂತೂ ಬೇಡವೇ ಬೇಡ, ಬಿಸಿನೀರಿಗೆ ಅರಗು ಕರಗೀತು. ‘ಆಕ್ಸಿಡೈಸ್ಡ್’ ಎಂದು ಕಾಲೇಜು ಹುಡುಗಿಯರು ಇಷ್ಟಪಟ್ಟು ಹಾಕುವ ಕಪ್ಪು ಬೆಳ್ಳಿಯನ್ನೂ ದೂರವಿಡಿ. ಹೆಸರಿನಲ್ಲಿ ಆಕ್ಸೈಡ್ ಇದ್ದರೂ ಅದು ಬೇಕೆಂದೇ ಮಾಡಿದ ಸಲ್ಫೈಡ್. ಸೋಡಾ ನೀರು ಅದರ ಅಂದವನ್ನೆಲ್ಲ ತೊಳೆದುಬಿಡುತ್ತದೆ.

ಎತ್ತಿಡುವಾಗ ಗಾಳಿಯಾಡದ ಜಿಪ್ ಕವರೇ ಸಾಕು, ಒಂದೊಂದಕ್ಕೆ ಒಂದೊಂದು. ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ. ರಬ್ಬರ್ ಬ್ಯಾಂಡ್ ಸುತ್ತಿ ಇಡುವ ಅಭ್ಯಾಸ ಮಾತ್ರ ಬಿಡಬೇಕು.

ಅಕ್ಕನ ಮಗಳ ಬ್ರೇಸ್‌ಲೆಟ್ಟನ್ನು ಪಾಲಿಶ್ ಅಂಗಡಿಗೆ ಒಯ್ದೆವು. ಉಳಿದಿದ್ದ ಲೇಪವನ್ನು ಪೂರ್ತಿ ತೆಗೆದ ಅವರು, ಮತ್ತೆ ರೋಡಿಯಂ ಹಾಕಲೇ ಎಂದು ಕೇಳಿದರು. ‘ಬೇಡ, ಬೆಳ್ಳಿ ಹಾಗೇ ಇರಲಿ. ಕಪ್ಪಾದರೆ ಸೋಡಾ ಇದೆ’ ಎಂದಳು ಹುಡುಗಿ. ಅಕ್ಕ ತನ್ನ ಕಿವಿಯೋಲೆಗೆ ಮಾತ್ರ ರೋಡಿಯಂ ಹಾಕಿಸಿಕೊಂಡಳು.