ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ: ರಸ್ತೆಯ ಸ್ವರೂಪ ಮತ್ತು ಚಾಲಕರ ನಡವಳಿಕೆ

ಒಂದು ಊರಿನ ಚಾಲಕರು ಶಿಸ್ತಿನವರು, ಮತ್ತೊಂದು ಊರಿನವರು ಅಜಾಗರೂಕರು ಎಂಬ ಅಭಿಪ್ರಾಯ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ಈ ನಾಲ್ಕು ಪಟ್ಟಣಗಳ ರಸ್ತೆಗಳನ್ನು ಗಮನಿಸಿದಲ್ಲಿ ಈ ಅಭಿಪ್ರಾಯವು ಪೂರ್ಣವಾಗಿ ಸರಿಯೆಂದು ತೋರುವುದಿಲ್ಲ. 2007ರ ಆಗಸ್ಟ್ 23ರಂದು ರಾಮನಗರ ಜಿಲ್ಲೆಯಾಗಿ ರಚನೆಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣಗೊಂಡ ಈ ಜಿಲ್ಲೆಯಲ್ಲಿ ಕೆ.ಎ.-42 ಸಂಖ್ಯೆಯ ಒಂದೇ ವಾಹನವು ಒಂದೇ ದಿನದಲ್ಲಿ ನಾಲ್ಕು ಬಗೆಯ ರಸ್ತೆಗಳಲ್ಲಿ ಸಂಚರಿಸುವುದುಂಟು. ಚಾಲಕನ ವರ್ತನೆಯನ್ನು ಬಹುಮಟ್ಟಿಗೆ ರೂಪಿಸುವುದು ರಸ್ತೆಯೇ ಆಗಿದ್ದು, ಒಂದು ರಸ್ತೆಯ ಅಭ್ಯಾಸವನ್ನು ಮತ್ತೊಂದು ರಸ್ತೆಗೆ ಕೊಂಡೊಯ್ದಾಗ ಅಪಾಯವು ಹೆಚ್ಚುತ್ತದೆ.

ಹೆದ್ದಾರಿಯ ವೇಗ, ಪಟ್ಟಣದ ರಸ್ತೆ

ಬೆಂಗಳೂರು-ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ನವೀಕೃತ ಮಾರ್ಗವು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಬೈಪಾಸ್ ನಿರ್ಮಾಣದಿಂದಾಗಿ ದೂರದ ವಾಹನಗಳು ರಾಮನಗರ ಮತ್ತು ಚನ್ನಪಟ್ಟಣಗಳ ಒಳಗೆ ಬರುವುದು ತಪ್ಪಿತು. ಆದರೆ ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಈ ಮಾರ್ಗದಲ್ಲಿ ಸಂಭವಿಸಿದ ಅಪಘಾತಗಳು ತೀವ್ರ ಕಳವಳಕ್ಕೆ ಕಾರಣವಾದವು. ತರುವಾಯ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಹಾಗೂ ಯಂತ್ರರಹಿತ ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಗರಿಷ್ಠ ವೇಗಮಿತಿ ಇರುತ್ತದೆ. ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿ.ಮೀ. ಮೀರಿ ಚಲಾಯಿಸುವವರ ವಿರುದ್ಧ ಪ್ರಥಮ ವರ್ತಮಾನ ವರದಿ ದಾಖಲಿಸುವ ಕ್ರಮವೂ ಜಾರಿಗೆ ಬಂದಿತು. ಕ್ಯಾಮೆರಾ ಕಂಡಾಕ್ಷಣ ವೇಗ ತಗ್ಗಿಸಿ, ದಾಟಿದೊಡನೆ ಮತ್ತೆ ಹೆಚ್ಚಿಸುವ ಚಾಲಕರೂ ಇದ್ದಾರೆ. ಹಿಂದೆ ಬರುವ ವಾಹನಕ್ಕೆ ಇದರಿಂದಲೇ ಅಪಾಯ ಉಂಟಾಗಬಹುದು.

ಗಂಟೆಗೆ 100 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗುತ್ತದೆ. ಅಡಚಣೆಯನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕೆಂದಿಟ್ಟುಕೊಂಡರೆ, ಒಣ ರಸ್ತೆಯಲ್ಲಿ ಅದು ಪೂರ್ಣವಾಗಿ ನಿಲ್ಲಲು 80 ಮೀಟರ್‌ಗೂ ಹೆಚ್ಚು ದೂರ ಬೇಕಾಗುತ್ತದೆ. 50 ಕಿ.ಮೀ. ವೇಗದಲ್ಲಿ ಸುಮಾರು 28 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ನಂತರದ ದೂರ ನಾಲ್ಕು ಪಟ್ಟಾಗುವುದೇ ಇದಕ್ಕೆ ಕಾರಣ. ಮಳೆಯಲ್ಲಿ ಈ ದೂರ ಇನ್ನೂ ಹೆಚ್ಚು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದಿದೆ. ಅರ್ಧ ಗಂಟೆ ಹೆಚ್ಚಿನ ವೇಗದಲ್ಲಿ ಸಾಗಿದ ಕಣ್ಣಿಗೆ 60 ಕಿ.ಮೀ. ವೇಗವು ಅತಿ ನಿಧಾನವಾಗಿ ತೋರುತ್ತದೆ. ಬೈಪಾಸಿನಿಂದ ಇಳಿದು ರಾಮನಗರಕ್ಕೆ ಬರುವ ಚಾಲಕನು ತಾನು ನಿಧಾನವಾಗಿಯೇ ಇದ್ದೇನೆಂದು ಭಾವಿಸಿ ಪಟ್ಟಣಕ್ಕೆ ತಕ್ಕುದಲ್ಲದ ವೇಗದಲ್ಲಿರುತ್ತಾನೆ. ಅಲ್ಲಿ ಹಳೆಯ ಹೆದ್ದಾರಿಯ ಬದಿಯಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ದೂರದ ಊರುಗಳಿಂದ ರಾತ್ರಿಯಿಡೀ ಪ್ರಯಾಣಿಸಿ ಗೂಡು ತಂದ ವಾಹನಗಳಿರುತ್ತವೆ, ನಿದ್ದೆಗೆಟ್ಟ ಚಾಲಕರಿರುತ್ತಾರೆ. ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ಕಂಡೊಡನೆ ಸೂಚನೆ ನೀಡದೆ ವಾಹನ ನಿಲ್ಲಿಸುವವರಿದ್ದಾರೆ. ಆದ್ದರಿಂದ ಹೆದ್ದಾರಿಯಿಂದ ಇಳಿದೊಡನೆ ವೇಗವನ್ನು ಅಂದಾಜಿನಿಂದಲ್ಲದೆ ಸ್ಪೀಡೋಮೀಟರ್ ನೋಡಿಯೇ ನಿರ್ಧರಿಸತಕ್ಕದ್ದು.

ಸರ್ವಿಸ್ ರಸ್ತೆಯಲ್ಲಿ ವಿರುದ್ಧ ದಿಕ್ಕಿನ ಸಂಚಾರ ದಂಡನೀಯ. ಆದಾಗ್ಯೂ, ಎದುರಿಗೇ ಕಾಣುವ ಜಮೀನಿಗೆ ಹೋಗಲು ಕೆಲವು ಕಿಲೋಮೀಟರ್ ಸುತ್ತಬೇಕಾದ ರೈತನ ತೊಂದರೆಯನ್ನೂ ಗಮನಿಸಬೇಕಾಗುತ್ತದೆ. ದಾಟಲು ಮಾರ್ಗವಿಲ್ಲದ ಕಡೆ ಕೇವಲ ದಂಡದಿಂದ ನಡವಳಿಕೆ ಬದಲಾಗುವುದು ಕಷ್ಟ.

ಕನಕಪುರ ಮತ್ತು ಮಾಗಡಿ

ಕನಕಪುರದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 948 (ಹಿಂದಿನ 209) ಬೆಂಗಳೂರಿನ ಕಡೆ ಅಗಲವಾಗಿದ್ದು, ಕನಕಪುರ ದಾಟಿದ ನಂತರ ಸಾತನೂರು, ಮಳವಳ್ಳಿಯ ಕಡೆಗೆ ಕಿರಿದಾಗುತ್ತದೆ. ಅಗಲ ರಸ್ತೆಯಲ್ಲಿ ರೂಢಿಯಾದ ಓವರ್‌ಟೇಕ್ ಇಲ್ಲಿ ಎದುರಿನ ವಾಹನಕ್ಕೆ ಮುಖಾಮುಖಿಯಾಗಿಸುತ್ತದೆ. ವಾರಾಂತ್ಯದಲ್ಲಿ ಸಂಗಮ, ಮೇಕೆದಾಟುಗಳಿಗೆ ತೆರಳುವವರು ಕತ್ತಲಾದ ನಂತರ ಹಿಂದಿರುಗುವಾಗ ಎದುರಿನ ವಾಹನಕ್ಕೆ ಡಿಪ್ ಲೈಟ್ ಬಳಸತಕ್ಕದ್ದು. ಕಾಡಂಚಿನ ರಸ್ತೆಗಳಲ್ಲಿ ಕಾಡಾನೆಗಳು ಅಡ್ಡ ಬರುವ ಸಂಭವವಿದ್ದು, ಹಾರ್ನ್ ಮಾಡದೆ ದೂರದಲ್ಲಿಯೇ ನಿಲ್ಲುವುದು ಕ್ಷೇಮ.

ಮಾಗಡಿ ತಾಲ್ಲೂಕಿನ ರಸ್ತೆಗಳಲ್ಲಿ ತಿರುವುಗಳು, ಕೆರೆ ಏರಿಗಳು ಹೆಚ್ಚು. ಸಾವನದುರ್ಗ, ಮಂಚನಬೆಲೆಗಳಿಗೆ ಬರುವ ಬೈಕ್ ಸವಾರರಿಗೆ ಈ ತಿರುವುಗಳ ಪರಿಚಯವಿರುವುದಿಲ್ಲ. ಸ್ಥಳೀಯರದು ಇದಕ್ಕೆ ವ್ಯತಿರಿಕ್ತವಾದ ಸಮಸ್ಯೆ. ಅತಿಯಾದ ಪರಿಚಯದಿಂದ, "ಇಲ್ಲೇ ಪಕ್ಕದ ಊರಿಗೆ" ಎಂದು ಹೆಲ್ಮೆಟ್ ಮನೆಯಲ್ಲಿಯೇ ಬಿಟ್ಟು ಬರುತ್ತಾರೆ. ಹಿಂಬದಿ ಸವಾರರಿಗೂ ಹೆಲ್ಮೆಟ್ 2016ರ ಜನವರಿಯಿಂದ ರಾಜ್ಯದಲ್ಲಿ ಕಡ್ಡಾಯವಾಗಿದೆ.

ಸುಗ್ಗಿಯಲ್ಲಿ ಇಲ್ಲಿನ ಹಳ್ಳಿಗಳ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವುದು ಪ್ರತಿವರ್ಷ ಕಂಡುಬರುತ್ತದೆ. ತೆನೆ, ಹೊಟ್ಟಿನ ಮೇಲೆ ದ್ವಿಚಕ್ರ ವಾಹನದ ಚಕ್ರ ಜಾರುತ್ತದೆ. ಹುರುಳಿ ಬಳ್ಳಿಯು ಕಾರಿನ ತಳಭಾಗದಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರಿನ ಶಾಖಕ್ಕೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಕಣದ ಸೌಲಭ್ಯವಿಲ್ಲದ ಸಣ್ಣ ಹಿಡುವಳಿದಾರರ ಅನಿವಾರ್ಯತೆ ಇದರಲ್ಲಿ ಸೇರಿದ್ದರೂ, ಅಂಚಿಗೆ ಕಲ್ಲು ಜೋಡಿಸಿ ರಾತ್ರಿ ಹಾಗೆಯೇ ಬಿಡುವುದನ್ನು ಒಪ್ಪಲಾಗದು. ಇಂತಹ ಕಡೆ ಸವಾರರು ದಿಢೀರನೆ ಬ್ರೇಕ್ ಒತ್ತದೆ, ಗೇರ್ ತಗ್ಗಿಸಿ ನೇರವಾಗಿ ದಾಟತಕ್ಕದ್ದು.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮೃತಪಟ್ಟಿದ್ದು, ಇದರಲ್ಲಿ ಸುಮಾರು ಶೇ. 68ರಷ್ಟು ಸಾವುಗಳು ಗ್ರಾಮೀಣ ಪ್ರದೇಶಗಳಲ್ಲಿ ಸಂಭವಿಸಿವೆ. ನಗರದ ದಟ್ಟಣೆಯಲ್ಲಿ ವೇಗ ತಾನಾಗಿಯೇ ತಗ್ಗುವುದೂ, ಆಸ್ಪತ್ರೆ ಸಮೀಪವಿರುವುದೂ ಈ ಅಂತರಕ್ಕೆ ಕಾರಣಗಳಲ್ಲಿ ಸೇರಿವೆ.

ಅಪಘಾತ ಸಂಭವಿಸಿದಲ್ಲಿ

ತುರ್ತು ಸೇವೆಗೆ 112, ಆಂಬ್ಯುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದಾಗಿದೆ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ನೀಡುತ್ತದೆ; ಹೆಸರು, ವಿಳಾಸ ತಿಳಿಸಲೇಬೇಕೆಂಬ ಒತ್ತಾಯವಿಲ್ಲ. 2025ರ ಮೇ ತಿಂಗಳಲ್ಲಿ ಅಧಿಸೂಚಿಸಲಾದ ಕೇಂದ್ರ ಯೋಜನೆಯನ್ವಯ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂ. ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿರುತ್ತದೆ.