ಮೂಲೆ ಹಿಡಿದ ಬೆಕ್ಕು: ಸೋಮಾರಿತನವಲ್ಲ, ನೋವಿರಬಹುದು

ಹಸು ಮೇವು ಬಿಟ್ಟರೆ ಆ ಹೊತ್ತಿಗೇ ನಿಮಗೆ ತಿಳಿಯುತ್ತದೆ. ಎತ್ತು ಕುಂಟಿದರೆ ಗೊರಸು ಎತ್ತಿ ನೋಡುತ್ತೀರಿ. ಆದರೆ ವರ್ಷವಿಡೀ ಭತ್ತದ ಮೂಟೆ ಕಾಯುವ ಬೆಕ್ಕಿಗೆ ಕಾಯಿಲೆಯಾದದ್ದು ಎಷ್ಟೋ ಮನೆಗಳಲ್ಲಿ ಗೊತ್ತಾಗುವುದು ಅದು ಸತ್ತ ಮೇಲೆಯೇ.

ಕಳೆದ ಸುಗ್ಗಿಯಲ್ಲಿ ಕಿರಂಗೂರಿಗೆ ಹೋಗಿದ್ದೆ. ಶ್ರೀರಂಗಪಟ್ಟಣದ ದಸರೆಗೆ ಬನ್ನಿ ಮಂಟಪವಿರುವ ಊರು. ಸುತ್ತಲೂ ಭತ್ತ, ಕಬ್ಬು. ಒಂದು ಮನೆಯಲ್ಲಿ ಗಂಡು ಬೆಕ್ಕು ಮೂಟೆಗಳ ಸಂದಿಯಲ್ಲಿ ಮುದುರಿ ಕುಳಿತಿತ್ತು. "ನಿನ್ನೆಯಿಂದ ಅಲ್ಲೇ ಬಿದ್ದದೆ ಸಾರ್. ಬೂದಿ ಗುಡ್ಡೇಲಿ ಹತ್ತು ಸಲ ಕೂತು ಎದ್ದು ಬಂತು. ಹೊಟ್ಟೆ ಕಟ್ಟಿರ್ಬೇಕು" ಎಂದರು ಅಜ್ಜಿ. ಹೋಗಿ ನೋಡಿದರೆ ಬೂದಿಯಲ್ಲಿ ಒಂದು ತೊಟ್ಟೂ ಒದ್ದೆಯಿರಲಿಲ್ಲ. ಕಟ್ಟಿದ್ದು ಹೊಟ್ಟೆಯಲ್ಲ, ಮೂತ್ರ. ಕುಕ್ಕೆಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ದೆವು. ಇನ್ನೊಂದು ದಿನ ತಡೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ನಾನು ಬೆಳೆಯ ವಿಷಯ ಓದಿದವನು. ಅಂದು ಅವರಿಂದ ಕೇಳಿ, ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮುಖ ಹೇಳುವ ಮಾತು

ಬೆಕ್ಕು ಬೇಟೆಗಾರ, ತಾನೇ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಆದ್ದರಿಂದ ನೋವನ್ನು ಬಚ್ಚಿಡುವುದು ಅದರ ಹುಟ್ಟುಗುಣ. ಗುರುಗುಟ್ಟುತ್ತಿದೆ, ಸುಖವಾಗಿದೆ ಎಂದುಕೊಳ್ಳಬೇಡಿ, ನೋವಿನಲ್ಲೂ ಗುರುಗುಟ್ಟುವುದುಂಟು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಕಿವಿಗಳು ದೂರ ಸರಿದು ಹೊರಕ್ಕೆ ತಿರುಗುವುದು, ಕಣ್ಣು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆ ನೆಟ್ಟಗಾಗಿ ಮುಂದಕ್ಕೆ ಚಾಚುವುದು, ತಲೆ ಭುಜಕ್ಕಿಂತ ಕೆಳಗಿಳಿಯುವುದು: ಇವೇ ಆ ಐದು ಗುರುತುಗಳು. ಬೆಕ್ಕು ಎಚ್ಚರವಾಗಿ ಸುಮ್ಮನಿರುವಾಗ ಇವನ್ನು ನೋಡಬೇಕು. ನಿದ್ದೆಯಲ್ಲಿ, ತಿನ್ನುವಾಗ ನೋಡಿ ಫಲವಿಲ್ಲ.

ನಡವಳಿಕೆಯನ್ನೂ ಗಮನಿಸಿ. ಮೈ ನೆಕ್ಕುವುದನ್ನು ಬಿಟ್ಟು ಕೂದಲು ಒರಟಾದರೆ, ದಿನಾ ಹತ್ತುತ್ತಿದ್ದ ಅಟ್ಟ ಹತ್ತದಿದ್ದರೆ, ಮುಟ್ಟಿದರೆ ಪರಚಿದರೆ ಏನೋ ತೊಂದರೆಯಿದೆ. ಮಲಗಿರುವಾಗ ಪಕ್ಕೆಯ ಏರಿಳಿತ ಎಣಿಸಿ. ನಿಮಿಷಕ್ಕೆ 20ರಿಂದ 30 ಉಸಿರು ಸಹಜ. 40 ದಾಟಿದರೆ ತಡಮಾಡಬೇಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ವೈದ್ಯರಿಗೆ ತೋರಿಸಿ. ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ಕಾಯಿಲೆ ಹುಟ್ಟುತ್ತದೆ.

ಇಲಿ ಪಾಷಾಣ ಇಟ್ಟವರು ಗಮನಿಸಿ

ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ವಿಷ ಅದಕ್ಕೂ ತಗುಲಬಹುದು. ಜಿಂಕ್ ಫಾಸ್ಫೈಡ್ ಆದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಏದುಸಿರು, ಸೆಳೆತ ಕಾಣಬಹುದು. ಬ್ರೋಮಾಡಿಯೋಲೋನ್ ಹಾಗಲ್ಲ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಕೆಲವು ದಿನಗಳ ಮೇಲೆ ವಸಡು ಬಿಳಿಚುತ್ತದೆ, ಮೂಗು ಬಾಯಿಗಳಲ್ಲಿ ರಕ್ತ ಕಾಣಬಹುದು. ಇದಕ್ಕೆ ಕೆ1 ಜೀವಸತ್ವದ ಚಿಕಿತ್ಸೆಯಿದೆ. ಆಸ್ಪತ್ರೆಗೆ ಹೋಗುವಾಗ ಪಾಷಾಣದ ಪೊಟ್ಟಣವನ್ನು ತಪ್ಪದೆ ಒಯ್ಯಿರಿ. ಪಾಷಾಣ ಇಟ್ಟ ದಿನಗಳಲ್ಲಿ ಬೆಕ್ಕನ್ನು ಮನೆಯೊಳಗೇ ಇರಿಸಿ, ಸತ್ತ ಇಲಿಗಳನ್ನು ಆಯ್ದು ಆಳವಾಗಿ ಹೂಳಿರಿ.

ಇವನ್ನು ಮಾಡಕೂಡದು

ಜ್ವರವೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಚೂರೂ ಕೊಡಕೂಡದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ದನದ ಉಣ್ಣೆಗೆ ಹಚ್ಚುವ ಔಷಧವನ್ನೂ ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿರುವ ಕೀಟನಾಶಕದಿಂದ ನಡುಕ, ಸೆಳೆತ ಬರಬಹುದು.

ಸಾಧುವಾದ ಬೆಕ್ಕು ಇದ್ದಕ್ಕಿದ್ದಂತೆ ಮೇಲೆ ಬಿದ್ದರೆ, ಜೊಲ್ಲು ಸುರಿಸಿ ತೂರಾಡಿದರೆ ಕೈ ಹಾಕಬೇಡಿ, ರೇಬಿಸ್ ಇರಬಹುದು. ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಕಿರಂಗೂರಿನ ಆ ಬೆಕ್ಕು ಈಗಲೂ ಮೂಟೆ ಕಾಯುತ್ತಿದೆ. ಈಗ ಅಜ್ಜಿ ಹಾಲು ಹಾಕುವ ಮೊದಲು ಅದರ ಮುಖ ನೋಡುತ್ತಾರೆ, ಬೂದಿ ಗುಡ್ಡೆಯನ್ನೂ ನೋಡುತ್ತಾರೆ. ಇದಕ್ಕೆ ಬೇಕಾದದ್ದು ದಿನಕ್ಕೊಂದು ನಿಮಿಷ. ಇಂದು ಸಂಜೆಯಿಂದಲೇ ನೀವೂ ನೋಡಿ.