ರಸ್ತೆ ವಿನ್ಯಾಸ ತಂತ್ರಾಂಶ: ರೇಖೆಯಿಂದ ಮಾದರಿಗೆ

ರಸ್ತೆ ವಿನ್ಯಾಸವೆಂಬುದು ಬಹುಕಾಲ ಮೂರು ಬಗೆಯ ನಕ್ಷೆಗಳ ಕೆಲಸವಾಗಿತ್ತು: ಜಾಡನ್ನು ಮೇಲಿನಿಂದ ತೋರುವ ಪಥನಕ್ಷೆ, ಏರಿಳಿತವನ್ನು ತೋರುವ ಉದ್ದಛೇದ, ನಿಗದಿತ ಅಂತರಗಳಲ್ಲಿ ತೆಗೆದ ಅಡ್ಡಛೇದ. ಇವು ಬೇರೆ ಬೇರೆ ಹಾಳೆಗಳಲ್ಲಿ ಇರುತ್ತಿದ್ದುದರಿಂದ ಒಂದು ತಿರುವನ್ನು ಹತ್ತು ಮೀಟರ್ ಸರಿಸಿದರೂ ಉಳಿದೆಲ್ಲವನ್ನೂ ಕೈಯಿಂದಲೇ ತಿದ್ದಬೇಕಾಗಿತ್ತು. 1982ರಲ್ಲಿ ಬಂದ ಆಟೋಕ್ಯಾಡ್ ಹಾಳೆಯನ್ನು ಗಣಕದ ಪರದೆಗೆ ತಂದಿತಾದರೂ ಅಲ್ಲಿ ರೇಖೆ ರೇಖೆಯಾಗಿಯೇ ಉಳಿಯಿತು. ಅದು ರಸ್ತೆಯ ಅಂಚೋ ಹೊಲದ ಬೇಲಿಯೋ ಎಂಬುದನ್ನು ತಂತ್ರಾಂಶ ಅರಿಯದು.

ಸಿವಿಲ್ ತ್ರೀಡಿಯಂತಹ ಈಚಿನ ತಂತ್ರಾಂಶಗಳ ವೈಶಿಷ್ಟ್ಯವೆಂದರೆ ಈ ಮೂರೂ ಒಂದೇ ಮಾದರಿಯ ಪರಸ್ಪರಾವಲಂಬಿ ಅಂಗಗಳಾಗಿರುವುದು. ತಿರುವು ಸರಿದರೆ ನೆಲದ ಮಟ್ಟ, ಅಡ್ಡಛೇದ, ಅಗೆಯಬೇಕಾದ ಮತ್ತು ತುಂಬಬೇಕಾದ ಮಣ್ಣಿನ ಪರಿಮಾಣ ಮರುಗಣನೆಗೊಳ್ಳುತ್ತವೆ. ಇದರ ಬೀಜ ಹಳೆಯದು: ನೆಲವನ್ನು ಅಂಕಿಗಳ ಮಾದರಿಯಾಗಿ ಗಣಕಕ್ಕೆ ಒಪ್ಪಿಸುವ ವಿಧಾನವನ್ನು ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮಿಲ್ಲರ್ ಮತ್ತು ಲಾಫ್ಲಾಮ್ 1958ರಲ್ಲಿಯೇ ಪ್ರತಿಪಾದಿಸಿದ್ದರು.

ಆದರೆ ಬದಲಾವಣೆ ಹರಿಯುವ ದಾರಿಯಲ್ಲಿಯೇ ತಪ್ಪೂ ಹರಿಯುತ್ತದೆ. ತಂತ್ರಾಂಶವು ಮೋಜಣಿಯ ಬಿಂದುಗಳನ್ನು ತ್ರಿಕೋನಗಳಿಂದ ಬೆಸೆದು ನೆಲದ ಮೇಲ್ಮೈಯನ್ನು ರಚಿಸುತ್ತದೆ. ಕಿರಿದಾದ ಹಳ್ಳವೊಂದರ ಎರಡೂ ದಡಗಳಲ್ಲಿ ಬಿಂದುಗಳಿದ್ದು ತಳದಲ್ಲಿ ಇಲ್ಲದಿದ್ದರೆ, ತ್ರಿಕೋನಗಳು ದಡದಿಂದ ದಡಕ್ಕೆ ಚಾಚಿಕೊಂಡು ಹಳ್ಳವನ್ನೇ ಮುಚ್ಚಿಬಿಡುತ್ತವೆ. ಪರದೆಯ ಮೇಲೆ ನೆಲ ಸಮತಟ್ಟಾಗಿ, ಸುಂದರವಾಗಿಯೇ ಕಾಣುತ್ತದೆ. ಉದ್ದಛೇದ ಅದನ್ನೇ ನಂಬುತ್ತದೆ. ತುಂಬುಮಣ್ಣಿನ ಲೆಕ್ಕ ಕಡಿಮೆಯಾಗುತ್ತದೆ. ಮೋರಿ ಬೇಕಾದ ಸ್ಥಳ ನಕ್ಷೆಯಲ್ಲಿ ಗೋಚರಿಸುವುದೇ ಇಲ್ಲ. ದಡ ಮತ್ತು ತಳಗಳ ಗುಂಟ ಭಂಗರೇಖೆಗಳನ್ನು ಕೊಟ್ಟರೆ ತ್ರಿಕೋನಗಳು ಅವನ್ನು ದಾಟುವುದಿಲ್ಲ. ಆದರೆ ಆ ರೇಖೆ ಎಲ್ಲಿರಬೇಕೆಂಬುದನ್ನು ತಿಳಿಯಲು ಯಾರಾದರೂ ಹಳ್ಳಕ್ಕೆ ಇಳಿದಿರಬೇಕು.

ತಂತ್ರಾಂಶದ ಸ್ವಯಂ ಪರಿಶೀಲನೆಯೂ ಹೀಗೆಯೇ. ತಿರುವಿನ ತ್ರಿಜ್ಯ ಮಿತಿಗಿಂತ ಕಡಿಮೆಯಾದರೆ ಎಚ್ಚರಿಕೆಯ ಚಿಹ್ನೆ ಮೂಡುತ್ತದೆ. ಗಂಟೆಗೆ 80 ಕಿ.ಮೀ. ವಿನ್ಯಾಸವೇಗ, ಶೇ. 7ರ ಅಡ್ಡವಾಲು, 0.15 ಘರ್ಷಣಾಂಕಗಳನ್ನು ಸೂತ್ರಕ್ಕೆ ಹಾಕಿದರೆ ಕನಿಷ್ಠ ತ್ರಿಜ್ಯ 229 ಮೀಟರ್ ಬರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಇದನ್ನು 230 ಎಂದು ನಿಗದಿಪಡಿಸಿದೆ. 65 ಕಿ.ಮೀ. ವೇಗಕ್ಕೆ 155 ಮೀಟರ್ ಸಾಕು. ವಿನ್ಯಾಸಕಾರ 80ರ ಬದಲು 65 ಎಂದು ನಮೂದಿಸಿದ್ದರೆ 160 ಮೀಟರಿನ ತಿರುವು ಯಾವ ಎಚ್ಚರಿಕೆಯೂ ಇಲ್ಲದೆ ಒಪ್ಪಿತವಾಗುತ್ತದೆ. ಮೊದಲು ಕೈಲೆಕ್ಕ ಮಾಡುತ್ತಿದ್ದವನು ವೇಗದ ಅಂಕಿಯನ್ನು ಪ್ರತಿ ತಿರುವಿನಲ್ಲೂ ಮತ್ತೆ ಬರೆಯುತ್ತಿದ್ದ. ಬೇಸರದ ಕೆಲಸವಾದರೂ ಅದೊಂದು ಮರುನೋಟವಾಗಿತ್ತು.

ಮಣ್ಣಿನ ಲೆಕ್ಕದಲ್ಲಿ ಮಾತ್ರ ಲಾಭ ನಿಸ್ಸಂದಿಗ್ಧ. ಎರಡು ಅಡ್ಡಛೇದಗಳ ಸರಾಸರಿಯನ್ನು ಅಂತರದಿಂದ ಗುಣಿಸುವ ಹಳೆಯ ಕ್ರಮವು, ಗುಡ್ಡದ ಅಂಚಿನಲ್ಲಿ ಅಗೆತ ಪಿರಮಿಡ್ಡಿನಂತೆ ಮೊನೆಗೊಂಡು ಮುಗಿಯುವಲ್ಲಿ, ನಿಜಕ್ಕಿಂತ ಒಂದೂವರೆ ಪಟ್ಟು ತೋರಿಸುತ್ತದೆ. ಎರಡು ಮೇಲ್ಮೈಗಳನ್ನು ನೇರವಾಗಿ ಹೋಲಿಸುವ ಕ್ರಮದಲ್ಲಿ ಈ ದೋಷ ಇರುವುದಿಲ್ಲ.

ರಸ್ತೆ, ರೈಲುಮಾರ್ಗಗಳ ಮಾದರಿಗಳನ್ನು ತಂತ್ರಾಂಶದಿಂದ ತಂತ್ರಾಂಶಕ್ಕೆ ದಾಟಿಸಲು ಐಎಫ್‌ಸಿ 4.3 ಎಂಬ ಸ್ವರೂಪಕ್ಕೆ 2024ರಲ್ಲಿ ಅಂತಾರಾಷ್ಟ್ರೀಯ ಮಾನಕದ ಮನ್ನಣೆ ದೊರೆತಿದೆ. ಈ ಸ್ವರೂಪದಲ್ಲಿ ತಿರುವಿನ ತ್ರಿಜ್ಯ ಅಂಕಿಯಾಗಿ ತಪ್ಪದೆ ದಾಟುತ್ತದೆ. ಆ ತಿರುವಿಗೆ 65ರ ವೇಗವನ್ನು ಆರಿಸಿದ್ದು ಏಕೆಂಬ ಟಿಪ್ಪಣಿಯನ್ನು ವಿನ್ಯಾಸಕಾರನೇ ಬರೆದು ಸೇರಿಸಬೇಕಾಗುತ್ತದೆ.